ಬನ್ನಿಮಂಟಪದ ಶಾಯಿಯೂ ನೀರ ಮೇಲಿನ ಆದೇಶವೂ

ಕೊರೊನಾ ಕಾಲದ ಆಡಳಿತದಲ್ಲಿ ಬರೆದದ್ದು ಬರೆದಂತೆಯೇ ಉಳಿದ ಒಂದೇ ಒಂದು ಸಂಗತಿಯನ್ನು ತೋರಿಸಿ ಎಂದು ಯಾರಾದರೂ ಸವಾಲು ಹಾಕಿದರೆ, ಮೈಸೂರಿನವನಾದ ನಾನು ತಡವರಿಸದೆ ಬನ್ನಿಮಂಟಪದ ಕಡೆಗೆ ಕೈ ತೋರಿಸುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿ ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎನಿಸಿಕೊಂಡಿರುವ ಸಂಸ್ಥೆ ಇರುವುದು ಅಲ್ಲಿ. 1962ರ ಸಾರ್ವತ್ರಿಕ ಚುನಾವಣೆಯಿಂದ ಮೊದಲ್ಗೊಂಡು ಈ ದೇಶದ ಮತದಾರನ ಬೆರಳಿಗೆ ಬೀಳುವ ಕಪ್ಪು ಗೆರೆ ನಮ್ಮೂರಿನದು. ಬೆಳ್ಳಿಯ ಲವಣ ಸೇರಿದ ಆ ಶಾಯಿ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಅದೇ ಕಾಲದ ಸರ್ಕಾರಿ ಆದೇಶಗಳಾದರೋ ಬೆಳಕು ಬಿದ್ದಷ್ಟೂ ಬಿಳಿಚಿಕೊಂಡವು.

2020ರ ಮಾರ್ಚ್ ಕೊನೆಯಲ್ಲಿ, ಮನೆಯಲ್ಲೇ ಕ್ವಾರಂಟೈನ್ ಆಗಬೇಕಾದವರ ಕೈಗೆ ಮುದ್ರೆ ಒತ್ತಲು ಇದೇ ಶಾಯಿಯನ್ನು ಬಳಸಿಕೊಳ್ಳಬಹುದೆಂದು ಚುನಾವಣಾ ಆಯೋಗ ಒಪ್ಪಿಗೆ ನೀಡಿತು. ಆದರೆ ಮೈಮೇಲೆ ಮುದ್ರೆ ಬೀಳುವ ಜಾಗವನ್ನು ಮುಂದೆ ಚುನಾವಣೆಗೆ ತೊಡಕಾಗದಂತೆ ಗೊತ್ತುಮಾಡಿ ಎಂಬ ಷರತ್ತು ಜೊತೆಗಿತ್ತು. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ನಾಳೆ ಹಾಲು ಸಿಗುವುದೋ ಇಲ್ಲವೋ ಎಂದು ಚಿಂತಿಸುತ್ತಿದ್ದ ವಾರದಲ್ಲಿ, ರೋಗಿ ಬದುಕಿ ಉಳಿದರೆ ಅವನ ಬೆರಳು ಓಟಿಗೆ ಖಾಲಿ ಇರಬೇಕು ಎಂದು ಯೋಚಿಸಿದ ಸಂಸ್ಥೆ ಒಂದಾದರೂ ಇತ್ತಲ್ಲ. ಪ್ರಜಾಪ್ರಭುತ್ವದಲ್ಲಿ ನಂಬಿಕೆ ಇರುವವರು ಇದಕ್ಕಾಗಿ ಸಂತೋಷಪಡತಕ್ಕದ್ದು.

ಹಾಲು ಸಿಕ್ಕಿತು. ಅದರೊಡನೆ ನಮ್ಮ ಬಡಾವಣೆಗೆ ಒಂದು ವಿದ್ವತ್ ಸಭೆಯೂ ಸಿಕ್ಕಿತು. ಕುಕ್ಕರಹಳ್ಳಿ ಕೆರೆ ಏರಿಯ ವಾಯುವಿಹಾರ ನಿಂತುಹೋದ ಮೇಲೆ ಅಲ್ಲಿನ ಪಂಡಿತರೆಲ್ಲ ನಂದಿನಿ ಹಾಲಿನ ಬೂತಿನ ಮುಂದೆ ಸೇರತೊಡಗಿದರು. ಅಂತರ ಕಾಯಲೆಂದು ನೆಲದ ಮೇಲೆ ಸುಣ್ಣದಲ್ಲಿ ಬರೆದಿದ್ದ ವೃತ್ತಗಳಲ್ಲಿ ತಮ್ಮ ತಮ್ಮ ಕೈಚೀಲಗಳನ್ನು ಶಿಸ್ತಾಗಿ ನಿಲ್ಲಿಸಿ, ತಾವು ಮಾತ್ರ ಹೊಂಗೆಮರದ ನೆರಳಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಸೋಂಕು ಹೇಗೆ ಹರಡುತ್ತದೆ ಎಂಬುದನ್ನು ಚರ್ಚಿಸಿದರು. ಚೀಲಗಳಿಗೆ ಸೋಂಕು ತಗುಲಿದ ವರದಿ ಕೊನೆಯವರೆಗೂ ಬರಲಿಲ್ಲ.

ಸಭೆಯ ಮೊದಲ ಗಹನವಾದ ಪ್ರಶ್ನೆ ಶಾಯಿಯದ್ದೇ ಆಗಿತ್ತು. ಕ್ವಾರಂಟೈನಿಗೆ ಹದಿನಾಲ್ಕು ದಿನ. ಆದರೆ ಮುದ್ರೆ ಹದಿನೈದನೆಯ ದಿನವೂ ಮಸುಕಾಗಿ ಕಂಡರೆ ಆ ಮನುಷ್ಯ ಶುದ್ಧನೋ ಅಶುದ್ಧನೋ? ನಿವೃತ್ತ ಬ್ಯಾಂಕ್ ಅಧಿಕಾರಿಗಳೊಬ್ಬರು ಮುದ್ರೆ ಇರುವವರೆಗೆ ಖಾತೆ ಚಾಲ್ತಿಯಲ್ಲಿದೆ ಎಂದೇ ಅರ್ಥ ಎಂದರು. ದಿನಾಂಕವೇ ಪ್ರಮಾಣವೆಂದು ವಾದಿಸಿದ ನಮ್ಮ ಮೇಷ್ಟ್ರು, ಬೆಂಗಳೂರಿನಿಂದ ಬಂದ ಸ್ವಂತ ಅಳಿಯನನ್ನು ಮಾತ್ರ ಇಪ್ಪತ್ತೊಂದು ದಿನ ಮಹಡಿಯ ಕೋಣೆಯಲ್ಲಿಟ್ಟು, ಊಟದ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದರು. ತತ್ತ್ವ ಬೇರೆ, ಅಳಿಯ ಬೇರೆ.

ನಗರದಲ್ಲಿ ಇದು ತರ್ಕವಾಗಿತ್ತು. ಮಂಡ್ಯದ ಕಡೆಗೆ ಅದು ಮುಳ್ಳುಬೇಲಿಯಾಯಿತು. ದುಡಿಮೆಗೆಂದು ಮುಂಬೈಗೆ ಹೋಗಿ ನೆಲೆಸಿದ್ದ ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರು ಮೇ ತಿಂಗಳಲ್ಲಿ ಊರಿಗೆ ಮರಳಿದಾಗ, ಹಬ್ಬಕ್ಕೆ ಬಾರದಿದ್ದರೆ ಮುನಿಸಿಕೊಳ್ಳುತ್ತಿದ್ದ ಊರುಗಳೇ ಅವರನ್ನು ಅನುಮಾನದಿಂದ ನೋಡಿದವು. ಊರ ಹಬ್ಬಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅವರು ಕಳಿಸಿದ ಹಣವನ್ನು ಯಾವ ಊರೂ ಹದಿನಾಲ್ಕು ದಿನ ಹೊರಗಿಟ್ಟದ್ದನ್ನು ನಾನು ಕೇಳಿಲ್ಲ. ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ರೋಗಕ್ಕೆ ಹೆದರಿ ತಾವೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ನಾವು ಊರಲ್ಲೇ ಕುಳಿತು ಬಂದವರನ್ನು ಹೊರಗಿಟ್ಟೆವು. ಒಂದು ಶತಮಾನದ ಪ್ರಗತಿ ಎಂದರೆ ಇದೇ ಇರಬೇಕು.

ಇನ್ನು ಆದೇಶಗಳ ವಿಚಾರ. ಮಾಸ್ಕ್ ಧರಿಸದಿದ್ದರೆ ನಗರಗಳಲ್ಲಿ 1,000 ರೂಪಾಯಿ ದಂಡ ಎಂದು 2020ರ ಅಕ್ಟೋಬರ್ ಆರಂಭದಲ್ಲಿ ಸಾರಿದ ಸರ್ಕಾರ, ವಾರ ಕಳೆಯುವುದರೊಳಗೆ ಅದನ್ನು 250ಕ್ಕೆ ಇಳಿಸಿತು. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮೊಳಕ್ಕೆ ಚೌಕಾಸಿ ಮಾಡಿ ಪಳಗಿದವರಿಗೂ ಮುಕ್ಕಾಲು ಪಾಲು ಇಳಿಸಿಕೊಳ್ಳುವುದು ಸಾಧ್ಯವಾಗಿರಲಿಲ್ಲ. ಇನ್ನೊಂದು ವಾರ ಸುಮ್ಮನಿದ್ದಿದ್ದರೆ ಮಾಸ್ಕ್ ಹಾಕದವರಿಗೆ ಸರ್ಕಾರವೇ ಏನಾದರೂ ಕೊಡುತ್ತಿತ್ತೆಂದು ಸಭೆ ಅಭಿಪ್ರಾಯಪಟ್ಟಿತು.

ಲಸಿಕೆಯ ವಿಷಯದಲ್ಲಿ ನಾನು ಎಚ್ಚರಿಕೆಯಿಂದ ಬರೆಯುತ್ತೇನೆ, ಏಕೆಂದರೆ ಅದು ಜೀವ ಉಳಿಸಿದೆ. ಕೋವಿಶೀಲ್ಡಿನ ಎರಡು ಡೋಸುಗಳ ನಡುವಿನ ಅಂತರ 2021ರ ಜನವರಿಯಲ್ಲಿ ನಾಲ್ಕು ವಾರ, ಮಾರ್ಚಿನಲ್ಲಿ ಆರರಿಂದ ಎಂಟು, ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರು ವಾರವಾಯಿತು. ಅಂತರ ಹೆಚ್ಚಿದರೆ ಫಲ ಹೆಚ್ಚು ಎಂಬುದಕ್ಕೆ ವಿಜ್ಞಾನದ ಆಧಾರವಿತ್ತು. ಆದರೆ ಆಧಾರವೂ ಅಭಾವವೂ ಕೈಕೈ ಹಿಡಿದು ಒಟ್ಟಿಗೇ ಬಂದದ್ದರಿಂದ, ಯಾವುದು ಯಾವುದನ್ನು ಕರೆತಂದಿತು ಎಂದು ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತವನು ಕೇಳಿದರೆ ಅವನನ್ನು ಲಸಿಕೆಯ ವಿರೋಧಿ ಎನ್ನುವುದು ನ್ಯಾಯವಲ್ಲ. ವೈರಸ್ಸು ಗಾಳಿಯಲ್ಲಿ ಹರಡುವುದಿಲ್ಲವೆಂದು 2020ರ ಮಾರ್ಚಿನಲ್ಲಿ ಘೋಷಿಸಿದ ವಿಶ್ವ ಆರೋಗ್ಯ ಸಂಸ್ಥೆಗೇ ಮಾತು ಬದಲಿಸಲು ವರ್ಷ ಹಿಡಿದಿರುವಾಗ, ಅಷ್ಟು ಕಾಲ ಸೋರೆಕಾಯಿಗೆ ಸೋಪು ಹಚ್ಚಿ ತೊಳೆದ ನಮ್ಮ ಮನೆಯವರನ್ನು ನಾನು ಹಾಸ್ಯ ಮಾಡಲಾರೆ.

2020ರ ದಸರೆ ಅರಮನೆಯ ಅಂಗಳದಲ್ಲೇ ಮುಗಿಯಿತು. ಅಭಿಮನ್ಯು ಮೊದಲ ಬಾರಿಗೆ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ವರ್ಷವೇ ರಸ್ತೆಯಲ್ಲಿ ನೋಡುವವರಿರಲಿಲ್ಲ. ಅಂಬಾರಿ ಬನ್ನಿಮಂಟಪಕ್ಕೆ ಹೋಗಲಿಲ್ಲ. ಬನ್ನಿಮಂಟಪದ ಶಾಯಿಗೆ ಮಾತ್ರ ಡಿಸೆಂಬರಿನಲ್ಲಿ ಹೊರಡುವ ಮುಹೂರ್ತ ಬಂತು. ಗ್ರಾಮ ಪಂಚಾಯಿತಿ ಚುನಾವಣೆಯ ಮೊದಲ ಹಂತ 22ಕ್ಕೆ, ಎರಡನೆಯದು 27ಕ್ಕೆ. ಈ ಎರಡರ ನಡುವೆ, 23ರಂದು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕರ್ಫ್ಯೂ ಎಂದು ಸರ್ಕಾರ ಪ್ರಕಟಿಸಿತು. ಆಮೇಲೆ ಅದು ಹನ್ನೊಂದರಿಂದ ಐದಕ್ಕೆ ತಿದ್ದುಪಡಿಯಾಗಿ, ಜಾರಿ ಒಂದು ದಿನ ಮುಂದಕ್ಕೆ ಹೋಯಿತು. 24ರಂದು, ಜಾರಿಯಾಗಲು ಕೆಲವೇ ಗಂಟೆಗಳಿರುವಾಗ, ಆದೇಶವನ್ನೇ ಹಿಂಪಡೆಯಲಾಯಿತು. ಹುಟ್ಟುವ ಮೊದಲೇ ಒಮ್ಮೆ ಹೆಸರು ಬದಲಿಸಿಕೊಂಡು, ಹುಟ್ಟದೆಯೇ ತೀರಿಕೊಂಡ ಈ ಕರ್ಫ್ಯೂವಿಗೆ ಸೂತಕ ಆಚರಿಸಬೇಕೇ ಎಂದು ಮೇಷ್ಟ್ರು ಬೂತಿನ ಮುಂದೆ ಕೇಳಿದ್ದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ.

28ರ ಬೆಳಿಗ್ಗೆ ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರು, ಮಗಳ ಮನೆಗೆ ಬಂದವರು, ಹಾಲಿಗೆಂದು ಕೈ ಚಾಚಿದರು. ಬೆರಳ ಮೇಲಿನ ಕಪ್ಪು ಗೆರೆ ಕಂಡದ್ದೇ ತಡ, ಒಂಬತ್ತು ತಿಂಗಳ ಅಭ್ಯಾಸದಿಂದ ಸಭೆಯೆಲ್ಲ ಎರಡು ಹೆಜ್ಜೆ ಹಿಂದೆ ಸರಿಯಿತು.

“ಹೆದರ್ಕೊಬೇಡಿ ಸ್ವಾಮಿ, ಇದು ಓಟಿನ್ ಶಾಯಿ,” ಎಂದು ಅವರು ಗಲ್ಲದ ಮೇಲಿದ್ದ ಮಾಸ್ಕನ್ನು ಕೆರೆದುಕೊಂಡು ನಕ್ಕರು.

ಸಭೆ ನಿಟ್ಟುಸಿರು ಬಿಟ್ಟು ಎರಡು ಹೆಜ್ಜೆ ಮುಂದೆ ಬಂತು. ಮೇಷ್ಟ್ರು ಮಾತ್ರ ನಿಂತಲ್ಲೇ ನಿಂತು, ಮತಗಟ್ಟೆಯ ಸಾಲಿನಲ್ಲಿ ಎಷ್ಟು ಜನರಿದ್ದರು ಎಂದು ವಿಚಾರಿಸಿದರು.

“ಅಯ್ಯೋ, ಜಾತ್ರೆ ಇದ್ದಂಗಿತ್ತು. ನಮ್ ತಮ್ಮನೇ ನಿಂತವ್ನೆ.” ಅವರು ಒಮ್ಮೆ ಕೆಮ್ಮಿ, ಹಾಲಿನ ಪ್ಯಾಕೆಟ್ಟನ್ನು ಚೀಲಕ್ಕೆ ಹಾಕಿಕೊಂಡರು. “ಮೂವತ್ತಕ್ಕೆ ಎಣಿಕೆ ಐತೆ ಮೇಷ್ಟ್ರೇ. ಅದೊಂದ್ ಮುಗುದೋಗ್ಲಿ, ಆಮೇಲ್ ಬೇಕಾದ್ರೆ ಟೆಸ್ಟ್ ಮಾಡುಸ್ಕೊತೀನಿ.”