ಬಾಗಿಲಾಚೆ ನಿಂತ ಅಮ್ಮ

ನನ್ನ ಮೊದಲ ಹೆರಿಗೆ ಊರಿನಲ್ಲಾಯಿತು. ಬೇನೆ ಬಂದಾಗ ಅಮ್ಮ ನನ್ನ ಕೈ ಹಿಡಿದು ಲೇಬರ್ ವಾರ್ಡಿನ ಬಾಗಿಲವರೆಗೂ ಬಂದಳು. ಅಲ್ಲಿ ಅವಳನ್ನು ತಡೆದರು. ಮೂವರನ್ನು ಹೆತ್ತವಳು ಹನ್ನೊಂದು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ನಾನು ಕೂಗಿಕೊಂಡರೆ, "ಸುಮ್ನಿರಮ್ಮ, ಲೋಕದಲ್ಲಿ ನೀನೊಬ್ಳೇ ಹೆರ್ತಿರೋದಾ?" ಅನ್ನುವ ಗದರಿಕೆ. ಮನೆಗೆ ಬಂದ ಮೇಲೆ ಮಾತ್ರ ತಿಂಗಳೊಪ್ಪತ್ತು ಅಮ್ಮ ನನ್ನನ್ನೂ ಕೂಸನ್ನೂ ಮಡಿಲಲ್ಲಿಟ್ಟುಕೊಂಡ ಹಾಗೆ ನೋಡಿಕೊಂಡಳು.

ಎರಡನೆಯದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಎಲ್ಲ ತಿರುವುಮುರುವು. ಹೆರಿಗೆ ಕೋಣೆಯಲ್ಲಿ ಗಂಡ ತಲೆದೆಸೆಯಲ್ಲೇ ಇದ್ದರು, ಇನ್ನೊಬ್ಬರನ್ನು ಕರೆಸಿಕೊಳ್ಳುತ್ತೀರಾ ಎಂದು ನರ್ಸೇ ಕೇಳಿದಳು. ಎರಡು ದಿನಕ್ಕೆ ಮನೆಗೆ ಕಳಿಸಿದರು. ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ಎರಡು ವಾರ ಕಳೆದು ಗಂಡ ಕೆಲಸಕ್ಕೆ ಹೊರಟ ಬೆಳಿಗ್ಗೆ, ಮನೆಯಲ್ಲಿ ನಾನು, ಹಸುಗೂಸು, ನಾಲ್ಕು ವರ್ಷದ ಮಗಳು. ಮಧ್ಯಾಹ್ನದವರೆಗೆ ಒಂದು ಲೋಟ ನೀರು ಕುಡಿಯಲೂ ನೆನಪಾಗಲಿಲ್ಲ.

ಈ ಎರಡು ಹೆರಿಗೆಗಳೇ ನನ್ನನ್ನು ಡೌಲಾ ತರಬೇತಿಗೆ ಕರೆದುಕೊಂಡು ಹೋದವು.

"ಡೌಲಾ ಅಂದ್ರೆ ಸೂಲಗಿತ್ತಿನಾ?" ಎಂದು ಊರಿನ ನೆಂಟರೆಲ್ಲ ಕೇಳುತ್ತಾರೆ. ಅಲ್ಲ. ಸೂಲಗಿತ್ತಿ ಕೂಸನ್ನು ಕೈಗೆ ತೆಗೆದುಕೊಳ್ಳುತ್ತಾಳೆ, ಡೌಲಾ ತಾಯಿಯ ಕೈ ಹಿಡಿಯುತ್ತಾಳೆ. ಬಿ.ಪಿ. ನೋಡುವುದು, ಗರ್ಭಕೊರಳು ಎಷ್ಟು ತೆರೆದಿದೆ ಎಂದು ಪರೀಕ್ಷಿಸುವುದು, ಕೂಸಿನ ಎದೆಬಡಿತ ಕೇಳುವುದು, ಇವೆಲ್ಲ ಅವಳಿಗೆ ನಿಷಿದ್ಧ. ಗ್ರೀಕ್ ಮೂಲದ ಈ ಪದಕ್ಕೆ ಸೇವಕಿ ಎಂಬ ಅರ್ಥ. ಬಾಣಂತಿಯ ಬೆನ್ನಿಗೆ ನಿಲ್ಲುವ ಹೆಂಗಸಿಗೆ ಆ ಹೆಸರನ್ನು 1970ರ ದಶಕದಲ್ಲಿ ಬಳಕೆಗೆ ತಂದವರು ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್. ಮುಂದೆ ಮಕ್ಕಳ ವೈದ್ಯರಾದ ಜಾನ್ ಕೆನೆಲ್, ಮಾರ್ಷಲ್ ಕ್ಲಾಸ್, ಹೆರಿಗೆಯ ಪಾಠ ಹೇಳುತ್ತಿದ್ದ ಪೆನ್ನಿ ಸಿಮ್ಕಿನ್ ಮೊದಲಾದವರು ಸೇರಿ 1992ರಲ್ಲಿ ಕಟ್ಟಿದ ಡೌಲಾಗಳ ಸಂಸ್ಥೆಯೇ ಇಂದಿನ ಡೋನಾ ಇಂಟರ್‌ನ್ಯಾಷನಲ್.

ತರಬೇತಿಯ ಮೊದಲ ದಿನ ಕೇಳಿದ ಒಂದು ಸಂಗತಿ ನನ್ನ ತಲೆಯಿಂದ ಇಳಿದಿಲ್ಲ. ಹ್ಯೂಸ್ಟನ್ನಿನ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಕೆನೆಲ್, ಕ್ಲಾಸ್ ಮತ್ತು ಸಂಗಡಿಗರು ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮೊದಲ ಹೆರಿಗೆಯ ಹೆಂಗಸರಲ್ಲಿ ಒಂದು ಗುಂಪಿನವರ ಪಕ್ಕದಲ್ಲಿ ಬೇನೆಯುದ್ದಕ್ಕೂ ಡೌಲಾ ಇದ್ದಳು. ಇನ್ನೊಂದು ಗುಂಪಿನವರ ಕೋಣೆಯಲ್ಲಿ ಒಬ್ಬಾಕೆ ಮಾತಾಡದೆ, ಮುಟ್ಟದೆ, ದೂರದಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ಮೂರನೆಯವರಿಗೆ ಆಸ್ಪತ್ರೆಯ ಎಂದಿನ ಆರೈಕೆ ಮಾತ್ರ. ಈ ಮೂರನೆಯ ಗುಂಪಿನಲ್ಲಿ ಸಿಸೇರಿಯನ್ ಶೇ. 18, ಡೌಲಾ ಇದ್ದಲ್ಲಿ ಶೇ. 8. ಸುಮ್ಮನೆ ಕೂತವಳಿದ್ದ ಕೋಣೆಯಲ್ಲೂ ಶೇ. 13! ಬಾಯಿ ಬಿಡದ ಒಂದು ಜೀವ ಕಣ್ಣಳತೆಯಲ್ಲಿದ್ದರೂ ಸಾಕು, ಬಸುರಿಗೆ ಅಷ್ಟು ಬಲ. ಆ ದಿನ ನಾನು ಬೆಂಚಿನ ಮೇಲೆ ಕೂತಿದ್ದ ಅಮ್ಮನನ್ನು ನೆನೆದು ಎಲ್ಲರೆದುರೇ ಅತ್ತೆ.

ಕೈಗೆ ಕಲಿಸುವ ಕೆಲಸ ಬೇಗ ಹಿಡಿಯುತ್ತದೆ. ಬೇನೆ ಏರುವಾಗ ಹಿಂದೆ ನಿಂತು ಎರಡೂ ಅಂಗೈಗಳಿಂದ ಸೊಂಟದ ಇಕ್ಕೆಲಗಳನ್ನು ಒಳಕ್ಕೂ ತುಸು ಮೇಲಕ್ಕೂ ಒತ್ತಬೇಕು. ಕೂಸಿನ ತಲೆಯ ಹಿಂಭಾಗ ತಾಯಿಯ ಬೆನ್ನಿನ ಕಡೆಗಿದ್ದರೆ ನೋವು ಹೆಚ್ಚಾಗಿ ಸೊಂಟಕ್ಕೇ ಬಂದು ಕೂರುತ್ತದೆ. ಆಗ ಬೆನ್ನಿನ ಬುಡದ ಮೂಳೆಯ ಮೇಲೆ ಅಂಗೈ ಊರಿ ಮೈಭಾರವನ್ನೆಲ್ಲ ಬಿಡಬೇಕು, ಬರಿಯ ತೋಳಿನ ಶಕ್ತಿ ನಂಬಿದರೆ ಅರ್ಧ ಗಂಟೆಯಲ್ಲಿ ಸೋತುಹೋಗುತ್ತೇವೆ. ಎಪಿಡ್ಯೂರಲ್, ಅಂದರೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು, ತೆಗೆದುಕೊಂಡು ಮಲಗಿದವಳನ್ನೂ ಹಾಗೇ ಬಿಡುವಂತಿಲ್ಲ. ಪಕ್ಕಕ್ಕೆ ಹೊರಳಿಸಿ, ಮಂಡಿಗಳ ನಡುವೆ ಕಡಲೆಕಾಯಿ ಆಕಾರದ ದೊಡ್ಡ ಚೆಂಡಿಟ್ಟು, ಆಗಾಗ ಮಗ್ಗುಲು ಬದಲಿಸಬೇಕು.

ಕಷ್ಟವಾದದ್ದು ನಾಲಿಗೆ. ಮಾತಿಗೊಂದು ಸಲಹೆ ಕೊಡುವ ಹೆಂಗಸರ ನಡುವೆ ಬೆಳೆದವಳು ನಾನು. "ಹಾಗೆ ಮಾಡಬೇಡ, ಹೀಗೆ ಮಾಡು" ಅನ್ನುವುದೇ ನಮ್ಮಲ್ಲಿ ಅಕ್ಕರೆಯ ಭಾಷೆ. ತರಬೇತಿಯಲ್ಲಿ ಜೋಡಿ ಜೋಡಿಯಾಗಿ ಕೂರಿಸಿ, "ಡಾಕ್ಟರು ಬೇನೆ ಬರಿಸೋಣ ಅಂತಿದ್ದಾರೆ, ನಾನೇನು ಮಾಡಲಿ?" ಎಂದು ಒಬ್ಬಳಿಂದ ಕೇಳಿಸಿದರು. ನನ್ನ ಬಾಯಿಂದ ತಟಕ್ಕನೆ ಉತ್ತರ ಬಂತು. ಗುರು ತಲೆಯಾಡಿಸಿದರು, ಮತ್ತೆ ಮಾಡಿಸಿದರು. ಇದರಿಂದ ಅನುಕೂಲವೇನು, ಅಪಾಯವೇನು, ಬೇರೆ ದಾರಿ ಇದೆಯೇ, ಇನ್ನಷ್ಟು ಹೊತ್ತು ಕಾದರೆ ಏನಾಗುತ್ತದೆ ಎಂದು ಡಾಕ್ಟರನ್ನು ಕೇಳಲು ತಾಯಿಗೆ ನೆನಪಿಸಬೇಕು. ತೀರ್ಮಾನ ಅವಳದ್ದು. ಎಪಿಡ್ಯೂರಲ್ ಬೇಕೆಂದರೆ ಅದಕ್ಕೂ ನಾನು ಅವಳ ಕಡೆಯೇ. ಇದನ್ನು ಮೈಗೂಡಿಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಬಾಣಂತನದ ಪಾಠದಲ್ಲಿ ನನ್ನ ಎರಡೂ ಅನುಭವ ಎದುರುಬದುರಾದವು. ಅಮೆರಿಕದಲ್ಲಿ ಹೆತ್ತವಳನ್ನು ಆರನೇ ವಾರದಲ್ಲಿ ಒಮ್ಮೆ ತಪಾಸಣೆಗೆ ಕರೆಯುವುದು ಹಳೆಯ ರೂಢಿ. ಮೂರು ವಾರದೊಳಗೇ ಮಾತಾಡಿಸಬೇಕೆಂದು ಇಲ್ಲಿನ ಪ್ರಸೂತಿ ತಜ್ಞರ ಸಂಘಟನೆ ಹೇಳಿದ್ದು 2018ರಲ್ಲಿ. ಗರ್ಭ ಮತ್ತು ಹೆರಿಗೆಗೆ ಸಂಬಂಧಿಸಿ ಈ ದೇಶದಲ್ಲಾಗುವ ತಾಯಂದಿರ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಯ ಒಂದು ವಾರದ ನಂತರವೇ ಆಗುತ್ತವೆ, ಅಂದರೆ ಅವಳು ಮನೆಯಲ್ಲಿ ಒಬ್ಬಳೇ ಇರುವ ಹೊತ್ತಿನಲ್ಲಿ. ಇಷ್ಟು ಸಿರಿವಂತ ದೇಶ ಬಾಣಂತಿಯನ್ನು ಹೀಗೆ ಒಂಟಿಯಾಗಿ ಬಿಡುವುದನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಮ್ಮ ಬಾಣಂತನದಲ್ಲಿ ಆ ಒಂಟಿತನವಿಲ್ಲ. ಆದರೆ ಅಲ್ಲೂ "ನಿನ್ನ ಮನಸ್ಸು ಹೇಗಿದೆ?" ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಹೆತ್ತ ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಸಹಜ, ಅದಕ್ಕೂ ಮೀರಿ ಮುಂದುವರಿದರೆ ಚಿಕಿತ್ಸೆ ಬೇಕಾಗಬಹುದು ಎಂಬುದು ನನಗೆ ತಿಳಿದದ್ದು ತರಬೇತಿಯಲ್ಲಿ. ಬಾಣಂತಿಯ ಖಿನ್ನತೆಯನ್ನು ಗುರುತಿಸಲು ಎಡಿನ್‌ಬರೋದಲ್ಲಿ ರೂಪಿಸಿದ, 1987ರಿಂದ ಬಳಕೆಯಲ್ಲಿರುವ ಹತ್ತೇ ಪ್ರಶ್ನೆಗಳ ಪಟ್ಟಿಯೊಂದಿದೆ. ಅದನ್ನು ಓದಿದಾಗ ನನ್ನ ಮೊದಲ ಬಾಣಂತನದ ರಾತ್ರಿಗಳಿಗೆ ಒಂದು ಹೆಸರು ಸಿಕ್ಕಿತು. ಬಾಣಂತಿಗೆ ನೀರನ್ನು ಅಳೆದು ಕೊಡುವ ಪದ್ಧತಿಯನ್ನಂತೂ ಕೂಡಲೇ ಬಿಡಬೇಕು. ಹಾಲೂಡಿಸುವವಳು ಬಾಯಾರಿದಷ್ಟೂ ಕುಡಿಯಲಿ.

ಹಾಗಂತ ಕಲಿಕೆ ಎಲ್ಲ ಇಲ್ಲಿಂದಲೇ ಹೋಗಬೇಕು ಎನ್ನುತ್ತಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ವಿದ್ಯೆ ಕಲಿತು, ಬಿಡಿಗಾಸು ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಪದ್ಮಶ್ರೀ ಬಂದದ್ದು 2018ರಲ್ಲಿ, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಕ್ಯಾಲಿಫೋರ್ನಿಯಾದ ಸರಕಾರಿ ಆರೋಗ್ಯ ವಿಮೆ ಮೆಡಿ-ಕ್ಯಾಲ್ 2023ರ ಜನವರಿಯಿಂದ ಡೌಲಾ ಸೇವೆಗೆ ಹಣ ಕೊಡುತ್ತಿದೆ. ಅದಕ್ಕೆ ಸೇರಲು ಎರಡು ಹಾದಿ: 16 ಗಂಟೆ ತರಬೇತಿ ಪಡೆದು 3 ಹೆರಿಗೆಗಳಲ್ಲಿ ಜೊತೆಗಿರುವುದು, ಇಲ್ಲವೇ ವರ್ಷಗಳ ಅನುಭವವನ್ನು ಪತ್ರಗಳ ಮೂಲಕ ತೋರಿಸುವುದು. ಕಂಡು ಮಾಡಿ ಕಲಿತವಳಿಗೂ ಬಾಗಿಲು ತೆರೆದಿಟ್ಟ ಆ ಎರಡನೆಯ ಹಾದಿ ನನಗೆ ಬಹಳ ಹಿಡಿಸಿತು.

ಕರ್ನಾಟಕದಲ್ಲಿ ದುಡ್ಡಿದ್ದವರು ಈಗ ಡೌಲಾ ಗೊತ್ತುಮಾಡಿಕೊಳ್ಳಬಹುದು. ನನ್ನ ಯೋಚನೆ ಉಳಿದವರದ್ದು. ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯ ಜೊತೆ ಒಬ್ಬ ಹೆಂಗಸು, ಆದಷ್ಟೂ ತಾನೇ ಹೆತ್ತ ಅನುಭವವಿರುವವಳು, ಹೆರಿಗೆ ಕೋಣೆಯೊಳಗೆ ಇರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಒಪ್ಪಿದೆ. ಹಾಗೆ ಒಳಗೆ ಹೋದವಳಿಗೆ ಏನು ಮಾಡಬೇಕೆಂದು ತಿಳಿಯದಿದ್ದರೆ ಗಾಬರಿಯಾಗುತ್ತಾಳೆ, ಆಮೇಲೆ ಸಿಬ್ಬಂದಿಯೂ "ಹೊರಗಿರಿ" ಅನ್ನುತ್ತಾರೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ಜೊತೆಗೆ ಬಂದ ಅಮ್ಮನೋ, ಅತ್ತೆಯೋ, ಅಕ್ಕನೋ ಸರದಿಗಾಗಿ ಕಾಯುತ್ತ ಕೂತಿರುತ್ತಾರೆ. ಆ ಹೊತ್ತಿನಲ್ಲಿ ಅವರಿಗೆ ಸೊಂಟ ಒತ್ತುವುದನ್ನು, ಮಗ್ಗುಲು ಬದಲಿಸುವುದನ್ನು, ಉಸಿರಿಗೆ ಜೊತೆ ಕೊಡುವುದನ್ನು, ನಾಲಿಗೆ ತಡೆಯುವುದನ್ನು ಒಬ್ಬ ಆಶಾ ಕಾರ್ಯಕರ್ತೆ ಎರಡು ಗಂಟೆಯಲ್ಲಿ ತೋರಿಸಬಲ್ಲಳು. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ.

ಹೋದ ವರ್ಷ ಇಲ್ಲಿನ ಕನ್ನಡದ ಹುಡುಗಿಯೊಬ್ಬಳ ಹೆರಿಗೆಗೆ ಹೋಗಿದ್ದೆ. ಊರಿನಿಂದ ಬಂದಿದ್ದ ಅವಳ ತಾಯಿ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. "ನಾನು ಒಳಗೆ ಬರಬಹುದೇನಮ್ಮ?" ಎಂದರು. "ಬನ್ನಿ ಅಮ್ಮಾ" ಎಂದು ಕರೆದು, ಅವರ ಎರಡೂ ಕೈಗಳನ್ನು ಮಗಳ ಸೊಂಟದ ಮೇಲಿಟ್ಟು, ಒತ್ತುವ ಬಗೆ ತೋರಿಸಿದೆ. ಎರಡನೇ ಬೇನೆಗೆ ಅವರಿಗೆ ಕೈ ಕೂತಿತು. ಹುಡುಗಿ ಕಣ್ಣು ಮುಚ್ಚಿ, "ಅಮ್ಮ, ಅಲ್ಲೇ, ಬಿಡಬೇಡ" ಎಂದಳು. ನಾನು ಹಿಂದೆ ಸರಿದು ಮೂಲೆಯ ಕುರ್ಚಿಯಲ್ಲಿ ಕೂತು, ಬೇನೆ ಬರುವ ಸಮಯ ಬರೆದುಕೊಳ್ಳತೊಡಗಿದೆ.