ಟೆಕ್ಸಾಸ್ ಕತ್ತಲಾಗಿದ್ದು ಬರೀ ಗಾಳಿಯಂತ್ರಗಳಿಂದಲ್ಲ

ಹೆಲಿಕಾಪ್ಟರ್ ಒಂದು ಗಾಳಿಯಂತ್ರದ ರೆಕ್ಕೆಯ ಮಂಜುಗಡ್ಡೆ ತೆಗೆಯುತ್ತಿರುವ ಫೋಟೋ ಮತ್ತೆ ಓಡಾಡ್ತಿದೆ. 2021ರ ಫೆಬ್ರವರಿಯ ಹಿಮಬಿರುಗಾಳಿಗೆ ಗಾಳಿಯಂತ್ರಗಳು ಹೆಪ್ಪುಗಟ್ಟಿದ್ದರಿಂದಲೇ ಅಮೆರಿಕದ ಟೆಕ್ಸಾಸ್‌ನಲ್ಲಿ ಕರೆಂಟ್ ಹೋಯಿತು ಅಂತ ಅದರ ಕೆಳಗೆ ಬರೆದಿದ್ದಾರೆ. ಆ ಫೋಟೋ ಟೆಕ್ಸಾಸ್‌ನದ್ದೇ ಅಲ್ಲ. ಸ್ವೀಡನ್‌ನದು, ಅದೂ ಹಳೆಯದು.

ಒಂದಷ್ಟು ಗಾಳಿಯಂತ್ರಗಳು ನಿಂತಿದ್ದು ನಿಜ. ಆದರೆ ಎಲ್ಲಕ್ಕಿಂತ ಜಾಸ್ತಿ ಕೈಕೊಟ್ಟಿದ್ದು ನೈಸರ್ಗಿಕ ಅನಿಲದ ಸ್ಥಾವರಗಳು. ಅನಿಲ ಬಾವಿಗಳ ಬಾಯಲ್ಲೇ ನೀರು ಗಡ್ಡೆಕಟ್ಟಿತು, ಪೈಪುಗಳಲ್ಲಿ ಒತ್ತಡ ಇಳಿಯಿತು, ಇದರ ಮೇಲೆ ಲೋಡ್ ತಗ್ಗಿಸಲು ಕರೆಂಟ್ ತೆಗೆದಾಗ ಅನಿಲ ಪೂರೈಸುವ ಕೆಲವು ಘಟಕಗಳದ್ದೂ ಹೋಗಿ ಅನಿಲ ಇನ್ನೂ ಕಡಿಮೆಯಾಯಿತು. ಕಲ್ಲಿದ್ದಲು ಘಟಕಗಳೂ ನಿಂತವು. ಒಂದು ಅಣು ರಿಯಾಕ್ಟರ್ ಕೂಡ ನಿಂತಿತು, ನೀರಿನ ಒತ್ತಡ ಅಳೆಯುವ ಸಣ್ಣ ಪೈಪು ಹೆಪ್ಪುಗಟ್ಟಿದ್ದಕ್ಕೆ. ಇದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ ನೋಡಿ!

ಟೆಕ್ಸಾಸ್‌ನ ಗ್ರಿಡ್, ಅಂದ್ರೆ ಕರೆಂಟ್ ಹಂಚುವ ಜಾಲ, ಹೆಚ್ಚುಕಮ್ಮಿ ಒಂಟಿ; ಪಕ್ಕದ ರಾಜ್ಯಗಳ ಜಾಲದ ಜೊತೆ ಅಷ್ಟಾಗಿ ಸೇರಿಲ್ಲ. ಹಾಗಾಗಿ ಹೊರಗಿನಿಂದ ಬೇಕಾದಷ್ಟು ಕರೆಂಟ್ ತರಲೂ ಆಗಲಿಲ್ಲ. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲೇ 246 ಜನ ಸತ್ತರು, ಬಹುಪಾಲು ಮೈ ತಣ್ಣಗಾಗಿ. 2011ರ ಚಳಿಯಲ್ಲೂ ಅಲ್ಲಿ ಸ್ಥಾವರಗಳು ನಿಂತಿದ್ದವು, ಉಪಕರಣಗಳನ್ನು ಚಳಿ ತಡೆಯುವಂತೆ ಸಜ್ಜು ಮಾಡಿ ಅಂತ ಕೇಂದ್ರದ ತನಿಖೆಯೂ ಹೇಳಿತ್ತು. ಗಾಳಿಯಂತ್ರವಾಗಲಿ ಅನಿಲದ್ದಾಗಲಿ, ಆ ಕೆಲಸ ಸರಿಯಾಗಿ ಆಗಿರಲಿಲ್ಲ.