ಸೊಂಟ ನೋವಿಗೆ ಕೈರೋಪ್ರಾಕ್ಟರ್ ಹತ್ತಿರ ಹೋಗಬೇಕಾ?

ಸೊಂಟ ಹಿಡಿದುಕೊಂಡವರ ಮೊಬೈಲಿನಲ್ಲಿ ಈಗ ಬರೀ ಕೈರೋಪ್ರಾಕ್ಟರ್‌ಗಳ ರೀಲ್ಸ್, ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ನೋವಿಗೆ ಚಿಕಿತ್ಸೆ ಕೊಡುವವರದ್ದು. ಮಗ್ಗುಲಾಗಿ ಮಲಗಿಸಿ, ಸೊಂಟ ತಿರುಗಿಸಿ, ಜೋರಾಗಿ ಒಂದು ಒತ್ತು. ಲಟಕ್ ಅಂತ ಸದ್ದು. ಎದ್ದವರ ಮುಖದ ತುಂಬಾ ನಗು. ಬೆಂಗಳೂರಿನಲ್ಲಿ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ನಮ್ಮ ಚಿಕ್ಕಪ್ಪನ ಮಗ ಅಂಥದ್ದೇ ವಿಡಿಯೋ ಕಳಿಸಿ, "ಅಕ್ಕಾ, ನಾನೂ ಹೋಗ್ಲಾ?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ಬಹಳ ಜನರಿಗಿದೆ.

ಮೊದಲು ಆ ಸದ್ದಿನ ವಿಷಯ. ಜಾರಿದ ಮೂಳೆ ಜಾಗಕ್ಕೆ ಕೂತ ಸದ್ದು ಅದಲ್ಲ. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಆಗುವಾಗ ಬರುವ ಸದ್ದು, ಬೆರಳು ನೆಟಿಕೆ ಮುರಿದಾಗ ಬರುತ್ತಲ್ಲ, ಅದೇ. 1895ರಲ್ಲಿ ಅಮೆರಿಕದ ಅಯೋವಾದಲ್ಲಿ ಡಿ.ಡಿ. ಪಾಮರ್ ಈ ಪದ್ಧತಿ ಶುರು ಮಾಡಿದಾಗ, ಹೆಚ್ಚಿನ ಕಾಯಿಲೆಗಳಿಗೆಲ್ಲ ಬೆನ್ನುಮೂಳೆ ಜರುಗಿರುವುದೇ ಕಾರಣ ಅಂತ ನಂಬಿದ್ದರು. ಅದಕ್ಕೆ ಆಧಾರ ಸಿಕ್ಕಿಲ್ಲ. ಬಿ.ಪಿ., ಶುಗರ್ ಕೂಡ ವಾಸಿ ಮಾಡುತ್ತೇವೆ ಅನ್ನುವ ಕ್ಲಿನಿಕ್ಕಿನಿಂದ ಎದ್ದು ಬನ್ನಿ.

ಹಾಗಂತ ಎಲ್ಲ ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ಅಮೆರಿಕದ ವೈದ್ಯರ ಸಂಘ ಎಸಿಪಿ 2017ರಲ್ಲಿ ಕೊಟ್ಟ ಸಲಹೆಯಲ್ಲಿ, ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ಉಪಾಯಗಳಲ್ಲಿ ಬಿಸಿ ಶಾಖ, ಮಸಾಜ್ ಜೊತೆ ಇದೂ ಇತ್ತು. ಬ್ರಿಟನ್ನಿನ 2016ರ ಮಾರ್ಗಸೂಚಿ ಇನ್ನೂ ಬಿಗಿ: ವ್ಯಾಯಾಮದ ಜೊತೆಗಾದರೆ ಮಾತ್ರ. ಅಂದರೆ ಸ್ವಲ್ಪ ಆರಾಮ ಸಿಗಬಹುದು, ಆದರೆ ವ್ಯಾಯಾಮ ಬಿಟ್ಟು ಇದೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ.

ಇನ್ನೊಂದು ಮಾತು. ಹೊಸದಾಗಿ ಬಂದ ಸೊಂಟ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತದೆ ಅಂತ ಊರಿನಲ್ಲಿ ಹೇಳುತ್ತಿದ್ದರು ಅಲ್ವಾ? ಒದೆಸಿಕೊಂಡವರಿಗೂ ವಾಸಿಯಾಗುತ್ತಿತ್ತು, ಎಣ್ಣೆ ಹಚ್ಚಿಕೊಂಡವರಿಗೂ ಆಗುತ್ತಿತ್ತು. ಹಾಗಾಗಿ "ನಂಗೆ ಒಂದೇ ಸಲಕ್ಕೆ ಹೋಯ್ತು" ಅನ್ನುವ ಮಾತಿಗೆ ನಾನು ಜಾಸ್ತಿ ತೂಕ ಕೊಡುವುದಿಲ್ಲ.

ಆದರೆ ಕೆಲವು ಲಕ್ಷಣ ಕಂಡರೆ ಕಾಯಲೇಬೇಡಿ. ಕಾಲಿನ ಶಕ್ತಿ ಕುಂದುವುದು, ತೊಡೆ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿರುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು: ಇಂಥದ್ದಾದರೆ ಅವತ್ತೇ ದೊಡ್ಡಾಸ್ಪತ್ರೆ. ನೋವಿನ ಜೊತೆ ಜ್ವರ ಇದ್ದರೆ, ಸುಮ್ನೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಮೊದಲು ಡಾಕ್ಟರ್. ಮೂಳೆ ಸವೆದ ಅಜ್ಜಿಯನ್ನಂತೂ ದಯವಿಟ್ಟು ಆ ಟೇಬಲ್ ಮೇಲೆ ಮಲಗಿಸಬೇಡಿ. ಮೂಳೆ ಮುರಿದೀತು.

ಎಂಆರ್‌ಐ ರಿಪೋರ್ಟಿನಲ್ಲಿ 'ಡಿಸ್ಕ್ ಬಲ್ಜ್' (ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದು) ಅಂತ ಕಂಡ ಕೂಡಲೇ ಹೆದರುವವರೂ ಇದ್ದಾರೆ. ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದು ಕಾಣುತ್ತದೆ.

ತಮ್ಮನಿಗೆ ನಾನು ಹೇಳಿದ್ದು: ಮೊದಲು ಡಾಕ್ಟರಿಗೆ ತೋರಿಸು, ಆಮೇಲೆ ಬಿ.ಪಿ.ಟಿ. (ಫಿಸಿಯೋಥೆರಪಿ ಪದವಿ) ಓದಿದ ಒಳ್ಳೆ ಫಿಸಿಯೋ ಹತ್ತಿರ ವ್ಯಾಯಾಮ ಕಲಿ. ಆಮೇಲೂ ಆಸೆ ಇದ್ದರೆ ಕೈರೋಪ್ರಾಕ್ಟರ್ ಹತ್ತಿರ ಹೋಗು. ಅವರು ಎಲ್ಲಿ, ಎಷ್ಟು ವರ್ಷ ಕಲಿತವರು ಅಂತ ಕೇಳು. ಪ್ಯಾಕೇಜಿಗೆ ಮುಂಗಡ ಕಟ್ಟಬೇಡ. ಕುತ್ತಿಗೆ ತಿರುಗಿಸಲು ಮಾತ್ರ ಬಿಡಬೇಡ. ಅಪರೂಪಕ್ಕೆ ಅಲ್ಲಿನ ರಕ್ತನಾಳ ಹರಿದು ಪಾರ್ಶ್ವವಾಯು ಆಗಿರುವುದುಂಟು. ಸೊಂಟ ತೋರಿಸಲು ಹೋದವನು ಕುತ್ತಿಗೆ ಯಾಕೆ ಕೊಡಬೇಕು?